80 ಪರ್ಸೆಂಟ್ ಬ್ಲಾಕ್! ಮುಂದೇನು?

ಮೂರು ವರ್ಷದ ಹಿಂದಿನ ಮಾತು. ರಾತ್ರಿ 9ರ ಕಾರ್ಯಕ್ರಮ ಮುಗಿಸಿ ಮೇಕಪ್ ಒರೆಸಿಕೊಳ್ತಾ ಇದ್ದೆ. ಫೋನ್ ಬಂತು. ಮದ್ದೂರು ಕಡೆಯ ನಮ್ಮ ದೊಡ್ಡಪ್ಪ. ಆಗ ಅವರಿಗೆ 63 ವರ್ಷ. ಮೇಷ್ಟ್ರಾಗಿ ರಿಟೈರ್ ಆದವರು, ಈಗ ಎರಡು ಎಕರೆ ಗದ್ದೆ ನೋಡಿಕೊಳ್ತಾರೆ.

"ಮಗಾ, 80 ಪರ್ಸೆಂಟ್ ಬ್ಲಾಕ್ ಅಂತೆ ಕಣಪ್ಪ. ನಾಳೆ ಬೆಳಿಗ್ಗೇನೇ ಸ್ಟೆಂಟ್ ಹಾಕ್ಬೇಕಂತೆ. ಎದೇಲಿ ಟೈಂ ಬಾಂಬ್ ಇಟ್ಕಂಡು ಓಡಾಡ್ತಿದ್ದೀರಿ ಅಂದ್ರು. ನಿಮ್ಮ ದೊಡ್ಡಮ್ಮ ಬಳೆ ಬಿಚ್ಚಿ ಕೊಟ್ಟವ್ಳೆ, ಗಿರವಿ ಇಡೋಕೆ."

"ಈಗ ನೋವಿದ್ಯಾ ದೊಡ್ಡಪ್ಪ?"

"ಇಲ್ಲ ಕಣಪ್ಪ. ಕೂತಾಗ, ಮಲಗಿದಾಗ ಏನೂ ಇಲ್ಲ. ನಾಲೆ ಏರಿ ಹತ್ತುವಾಗ ಎದೆ ಹಿಡ್ಕಂಡಂಗೆ ಆಯ್ತದೆ. ಎರಡು ನಿಮಿಷ ನಿಂತ್ರೆ ಹೋಯ್ತದೆ. ಒಂದು ವರ್ಷದಿಂದ ಹಿಂಗೇ."

ಟೈಂ ಬಾಂಬ್! ಆ ಪದ ಕೇಳಿ ನನಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ನಾಚಿಕೆಯೂ ಬಂತು. ಯಾಕಂದ್ರೆ ಆ ಪದವನ್ನ ಸ್ಕ್ರೀನ್ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕಿಸಿದವರಲ್ಲಿ ನಾನೂ ಒಬ್ಬ.

2025ರ ಜೂನ್, ಜುಲೈ ನಿಮಗೆ ನೆನಪಿರಬಹುದು. ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ. ಟಿವಿಯಲ್ಲಿ ದಿನಾ ಲೆಕ್ಕ. ಇವತ್ತು ಇಷ್ಟು, ನಿನ್ನೆ ಇಷ್ಟು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಕ್ಯೂ. ಆಮೇಲೆ ಸರ್ಕಾರದ ತಜ್ಞರ ಸಮಿತಿ, ಸಾವಿನ ಸಂಖ್ಯೆಯಲ್ಲಿ ಅಸಹಜ ಏರಿಕೆ ಕಾಣಿಸಿಲ್ಲ ಅಂತ ವರದಿ ಕೊಟ್ಟಿತು. ಆದ್ರೆ ಭಯ ಅಷ್ಟರಲ್ಲಿ ಮನೆ ಮನೆ ಸೇರಿ ಆಗಿತ್ತು. ಆ ಸುದ್ದಿ ಓದುವಾಗೆಲ್ಲ ನನಗೆ ದೊಡ್ಡಪ್ಪನ ಫೋನ್ ನೆನಪಾಗ್ತಿತ್ತು.

ಹಾಗಾಗಿ ಇವತ್ತು ಭಯ ಪಕ್ಕಕ್ಕಿಟ್ಟು ಮಾತಾಡೋಣ. ಒಂದು ವಿಷಯ ಮೊದಲೇ ಸ್ಪಷ್ಟ ಮಾಡ್ತೀನಿ. ಇದು ಹೃದಯಾಘಾತ ಆಗ್ತಾ ಇರುವವರ ಕಥೆ ಅಲ್ಲ. ಎದೆನೋವು ಜೋರಾಗಿ ಬಂದು, ಬೆವರು ಕಿತ್ತುಕೊಂಡು ಬರ್ತಾ ಇದ್ರೆ ಈ ಪುಸ್ತಕ ಮುಚ್ಚಿ ಆಸ್ಪತ್ರೆಗೆ ಓಡಿ. ಅಲ್ಲಿ ಸ್ಟೆಂಟ್ ಜೀವ ಉಳಿಸುತ್ತೆ. ಅದರಲ್ಲಿ ಎರಡು ಮಾತಿಲ್ಲ. ನಾನು ಹೇಳ್ತಿರೋದು ದೊಡ್ಡಪ್ಪನ ತರದವರ ಬಗ್ಗೆ. ನಡೆದಾಗ ನೋವು, ನಿಂತರೆ ಮಾಯ, ತಿಂಗಳುಗಟ್ಟಲೆ ಒಂದೇ ರೀತಿ. ಡಾಕ್ಟರುಗಳು ಇದನ್ನ 'ಸ್ಟೇಬಲ್' ಹೃದ್ರೋಗ ಅಂತಾರೆ. ಅಂದ್ರೆ ಸದ್ಯಕ್ಕೆ ಸ್ಥಿರವಾಗಿರುವ ಕಾಯಿಲೆ.

ಪ್ರಶ್ನೆ ಇಷ್ಟೇ. ಇಂಥವರ ಬ್ಲಾಕ್ ತೆಗೆದ್ರೆ ಆಯುಷ್ಯ ಹೆಚ್ಚುತ್ತಾ?

ನಾನು ಡಾಕ್ಟರ್ ಅಲ್ಲ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಮೈಕ್ ಹಿಡಿದವನು. ಪೈಪಿನಲ್ಲಿ ನೀರು ಹೇಗೆ ಹರಿಯುತ್ತೆ ಅನ್ನೋದಕ್ಕೆ ಒಂದು ಸೆಮಿಸ್ಟರ್ ಪೂರ್ತಿ ಇತ್ತು. ಅಲ್ಲಿ ಒಂದು ಸೂತ್ರ ಕಲಿಸ್ತಾರೆ. ಪೈಪಿನ ಅಗಲ ಅರ್ಧ ಆದ್ರೆ, ಅದೇ ಒತ್ತಡದಲ್ಲಿ ಹರಿವು ಅರ್ಧ ಆಗಲ್ಲ, 16ರಲ್ಲಿ ಒಂದು ಭಾಗಕ್ಕೆ ಇಳಿಯುತ್ತೆ. ಆ ಲೆಕ್ಕದಲ್ಲಿ 80 ಪರ್ಸೆಂಟ್ ಬ್ಲಾಕ್ ಇದ್ದವರು ಬದುಕಿರಲೇಬಾರದು. ಆದ್ರೆ ದೊಡ್ಡಪ್ಪ ಬೆಳಿಗ್ಗೆ ಎದ್ದು ಗದ್ದೆಗೆ ಹೋಗಿ ಬರ್ತಿದ್ರು. ಸೂತ್ರ ತಪ್ಪಾ?

ಸೂತ್ರ ಸರಿ. ಹೃದಯ ಬರೀ ಪೈಪ್ ಅಲ್ಲ, ಅಷ್ಟೇ.

ಮಂಡ್ಯದ ನಾಲೆ ಉದಾಹರಣೆ ತಗೊಳ್ಳಿ. ಕೆಆರ್‌ಎಸ್‌ನಿಂದ ವಿಶ್ವೇಶ್ವರಯ್ಯ ನಾಲೆ ಹೊರಡುತ್ತೆ. ಅದರಿಂದ ವಿತರಣಾ ನಾಲೆ, ಅದರಿಂದ ಕಾಲುವೆ, ಕಾಲುವೆಯಿಂದ ಗದ್ದೆ. ಹೃದಯಕ್ಕೂ ಹೀಗೇ. ಮೂರು ಮುಖ್ಯ ರಕ್ತನಾಳಗಳು ಹೃದಯದ ಮೈಮೇಲೆ ಹಬ್ಬಿವೆ. ಆಂಜಿಯೋಗ್ರಾಂನಲ್ಲಿ ನಮಗೆ ಕಾಣೋದು ಇವು ಮತ್ತು ಇವುಗಳ ದೊಡ್ಡ ಕವಲುಗಳು ಮಾತ್ರ. ಇವುಗಳಿಂದ ಕವಲೊಡೆದು ಮಾಂಸಖಂಡದ ಒಳಗೆ ಹೋಗುವ ಸಾವಿರಾರು ಸಣ್ಣ ನಾಳಗಳಿವೆ. ಅವು ಆ ಚಿತ್ರದಲ್ಲಿ ಕಾಣಲ್ಲ.

ಆ ಸಣ್ಣ ನಾಳಗಳೇ ನಮ್ಮ ಹಳ್ಳಿಯ ನೀರುಗಂಟಿ ಇದ್ದ ಹಾಗೆ. ಯಾವ ಗದ್ದೆಗೆ ಎಷ್ಟು ನೀರು ಅಂತ ತೂಬು ತೆರೆದು ಮುಚ್ಚಿ ನೋಡಿಕೊಳ್ಳುವವನು. ನೀವು ಸುಮ್ಮನೆ ಕೂತಿದ್ದಾಗ ತೂಬು ಸ್ವಲ್ಪವೇ ತೆರೆದಿರುತ್ತೆ. ಓಡಿದಾಗ, ಮೆಟ್ಟಿಲು ಹತ್ತಿದಾಗ ಅಗಲವಾಗಿ ತೆರೆಯುತ್ತೆ. ಆರೋಗ್ಯವಂತ ಹೃದಯ, ಬೇಕಾದಾಗ ತನ್ನ ರಕ್ತದ ಹರಿವನ್ನ ಮೂರು ನಾಲ್ಕು ಪಟ್ಟು ಏರಿಸಿಕೊಳ್ಳಬಲ್ಲದು. ಏರಿಸಲೇಬೇಕು. ಯಾಕಂದ್ರೆ ಬಂದ ರಕ್ತದಿಂದ ಬಹುಪಾಲು ಆಮ್ಲಜನಕವನ್ನ ಅದು ವಿಶ್ರಾಂತಿಯಲ್ಲೇ ಹೀರಿಕೊಂಡಿರುತ್ತೆ. ಇನ್ನೂ ಬೇಕು ಅಂದ್ರೆ ಇನ್ನಷ್ಟು ರಕ್ತವೇ ಬರಬೇಕು.

ಈಗ ಮೇಲೆ ನಾಲೆಯಲ್ಲಿ ಒಂದು ಕಡೆ ಹೂಳು ತುಂಬಿ ಕಿರಿದಾಯ್ತು ಅಂತಿಟ್ಟುಕೊಳ್ಳಿ. ನೀರುಗಂಟಿ ಏನು ಮಾಡ್ತಾನೆ? ತೂಬನ್ನ ಇನ್ನಷ್ಟು ತೆರೀತಾನೆ. ಗದ್ದೆಗೆ ಮೊದಲಿನಷ್ಟೇ ನೀರು. ಬ್ಲಾಕ್ ಇದೆ ಅಂತ ಗದ್ದೆಗೆ ಗೊತ್ತೇ ಆಗಲ್ಲ. ಆದ್ರೆ ತೂಬು ಆಗಲೇ ಪೂರ್ತಿ ತೆರೆದು ಆಗಿದೆ. ನಾಳೆ ಬಿಸಿಲು ಜಾಸ್ತಿಯಾಗಿ ಇನ್ನೂ ನೀರು ಬೇಕು ಅಂದ್ರೆ? ತೆರೆಯೋಕೆ ಇನ್ನೇನೂ ಉಳಿದಿಲ್ಲ. ಏರಿ ಹತ್ತುವಾಗ ದೊಡ್ಡಪ್ಪನ ಎದೆ ಹಿಡಿದುಕೊಂಡಿದ್ದು ಆವಾಗ.

ಇದನ್ನ ಅಳೆದು ತೋರಿಸಿದವರು ಅಮೆರಿಕದ ಲ್ಯಾನ್ಸ್ ಗೌಲ್ಡ್ ಮತ್ತು ಸಂಗಡಿಗರು, 1974ರಲ್ಲಿ, ನಾಯಿಗಳ ಮೇಲಿನ ಪ್ರಯೋಗದಲ್ಲಿ. ನಾಳದ ಅಗಲ ಸುಮಾರು ಅರ್ಧ ಕಿರಿದಾಗುವವರೆಗೂ ಗರಿಷ್ಠ ಹರಿವಿಗೆ ಹೆಚ್ಚು ತೊಂದರೆ ಇಲ್ಲ. ಅಲ್ಲಿಂದ ಮುಂದೆ ಮೀಸಲು ಕರಗೋಕೆ ಶುರು. ವಿಶ್ರಾಂತಿಯಲ್ಲಿನ ಹರಿವು ಕಡಿಮೆ ಆಗೋದು ಸುಮಾರು 85 ಪರ್ಸೆಂಟ್ ಕಿರಿದಾದ ಮೇಲೆ. ಈ ಮೀಸಲಿಗೆ ಒಂದು ಅಳತೆ ಇದೆ. ಗರಿಷ್ಠ ಹರಿವನ್ನ ವಿಶ್ರಾಂತಿಯ ಹರಿವಿನಿಂದ ಭಾಗಿಸಿದ್ರೆ ಬರುವ ಸಂಖ್ಯೆ. 3ರ ಆಚೆ ಇದ್ರೆ ಚೆನ್ನಾಗಿದೆ. 2ಕ್ಕಿಂತ ಕೆಳಗಿದ್ರೆ ಯೋಚಿಸಬೇಕಾದ್ದೇ.

ಈಗ ಆ 80 ಪರ್ಸೆಂಟ್ ಕಥೆಗೆ ಬರೋಣ. ಆ ಸಂಖ್ಯೆ ಸಾಮಾನ್ಯವಾಗಿ ಹೇಗೆ ಬರುತ್ತೆ ಗೊತ್ತಾ? ಹೆಚ್ಚಿನ ಸಲ ಡಾಕ್ಟರ್ ಸ್ಕ್ರೀನ್ ನೋಡಿ ಅಂದಾಜು ಮಾಡ್ತಾರೆ. ಅದು ಅಗಲದ ಅಂದಾಜು. ಹರಿವಿನ ಅಳತೆ ಅಲ್ಲ. ಹರಿವಿಗೆ ನಿಜವಾಗಿ ಅಡ್ಡಿ ಇದೆಯಾ ಅಂತ ನೋಡೋಕೆ ಎಫ್‌ಎಫ್‌ಆರ್ ಅಂತ ಒಂದು ಪರೀಕ್ಷೆ ಇದೆ. ಕೂದಲಿನಷ್ಟು ಸಣ್ಣ ತಂತಿ ಒಳಗೆ ಬಿಟ್ಟು, ಬ್ಲಾಕ್ ಆಚೆಗಿನ ಒತ್ತಡವನ್ನ ಈಚೆಗಿನ ಒತ್ತಡಕ್ಕೆ ಹೋಲಿಸೋದು. 0.80 ಅಥವಾ ಅದಕ್ಕಿಂತ ಕಡಿಮೆ ಬಂದ್ರೆ ಹರಿವಿಗೆ ಅಡ್ಡಿ ಇದೆ ಅಂತ ಅರ್ಥ. 2009ರಲ್ಲಿ ಬಂದ ಫೇಮ್ ಅಧ್ಯಯನ, 1005 ರೋಗಿಗಳದ್ದು. ಕಣ್ಣಂದಾಜಿಗೆ 50ರಿಂದ 70 ಪರ್ಸೆಂಟ್ ಕಂಡ ಬ್ಲಾಕ್‌ಗಳಲ್ಲಿ ಸುಮಾರು ಮೂರರಲ್ಲಿ ಒಂದು ಮಾತ್ರ ಹರಿವಿಗೆ ನಿಜವಾಗಿ ಅಡ್ಡಿಯಾಗಿತ್ತು. ತಂತಿ ಹಾಕಿ ಅಳೆದು ನಿರ್ಧಾರ ಮಾಡಿದ ಗುಂಪಿಗೆ ಕಡಿಮೆ ಸ್ಟೆಂಟ್ ಸಾಕಾಯ್ತು. ಒಂದು ವರ್ಷದಲ್ಲಿ ಅವರಿಗೆ ತೊಂದರೆಗಳೂ ಕಡಿಮೆ ಆದವು.

ಸರಿ, ಹರಿವಿಗೆ ನಿಜವಾಗಿಯೂ ಅಡ್ಡಿ ಇದೆ ಅಂತಾನೇ ಇಟ್ಟುಕೊಳ್ಳೋಣ. ಆಗ ಬ್ಲಾಕ್ ತೆಗೆದ್ರೆ ಹೆಚ್ಚು ವರ್ಷ ಬದುಕ್ತಾರಾ?

ಇಡೀ ಜಗತ್ತು ಹೌದು ಅಂತಾನೇ ನಂಬಿತ್ತು. 1977ರಲ್ಲಿ ಜ್ಯೂರಿಚ್‌ನಲ್ಲಿ ಆಂಡ್ರಿಯಾಸ್ ಗ್ರೂಂಟ್‌ಸಿಗ್ ಎಂಬ ಡಾಕ್ಟರ್, ಎಚ್ಚರವಿದ್ದ ರೋಗಿಯ ಹೃದಯದ ನಾಳವನ್ನ ಮೊದಲ ಬಾರಿಗೆ ಬಲೂನ್ ಹಾಕಿ ತೆರೆದರು. ಆಮೇಲೆ ಸ್ಟೆಂಟ್ ಬಂತು, ಔಷಧಿ ಲೇಪಿಸಿದ ಸ್ಟೆಂಟ್ ಬಂತು. ಮುಚ್ಚಿದ್ದನ್ನ ತೆರೆದರೆ ಒಳ್ಳೆಯದಾಗಲೇಬೇಕು ಅಲ್ವಾ? ನಮ್ಮ ಮನಸ್ಸು ಹಾಗೇ ಯೋಚಿಸೋದು.

2007ರಲ್ಲಿ ಮೊದಲ ದೊಡ್ಡ ಪೆಟ್ಟು ಬಿತ್ತು. ಕರೇಜ್ ಅನ್ನೋ ಅಧ್ಯಯನ, 2287 ಸ್ಥಿರ ರೋಗಿಗಳು. ಅರ್ಧ ಜನಕ್ಕೆ ಮಾತ್ರೆ ಮತ್ತು ಆಂಜಿಯೋಪ್ಲಾಸ್ಟಿ, ಅರ್ಧ ಜನಕ್ಕೆ ಬರೀ ಮಾತ್ರೆ. ನಾಲ್ಕೂವರೆ ವರ್ಷದ ನಂತರ ಸಾವಿನಲ್ಲೂ ಹೃದಯಾಘಾತದಲ್ಲೂ ವ್ಯತ್ಯಾಸ ಕಾಣಲಿಲ್ಲ. ಆಗ ಒಂದು ಆಕ್ಷೇಪ ಬಂತು. ಹರಿವಿಗೆ ಹೆಚ್ಚು ಅಡ್ಡಿ ಇರುವವರನ್ನೇ ಆರಿಸಿ ನೋಡಿ, ಆಗ ಲಾಭ ಕಾಣುತ್ತೆ ಅಂತ.

ಅದನ್ನೂ ನೋಡಿದ್ರು. ಇಸ್ಕೀಮಿಯಾ ಅನ್ನೋ ಅಧ್ಯಯನ. 37 ದೇಶಗಳು, 5179 ರೋಗಿಗಳು. ಭಾರತದ ಆಸ್ಪತ್ರೆಗಳೂ ಅದರಲ್ಲಿದ್ದವು. ಎಲ್ಲರಿಗೂ ಹೃದಯದ ರಕ್ತ ಹರಿವಿನಲ್ಲಿ ಮಧ್ಯಮದಿಂದ ತೀವ್ರ ಕೊರತೆ ಇತ್ತು. ಒಂದು ಗುಂಪಿಗೆ ಮೊದಲೇ ಆಂಜಿಯೋಗ್ರಾಂ ಮಾಡಿ ಸ್ಟೆಂಟ್ ಅಥವಾ ಬೈಪಾಸ್, ಜೊತೆಗೆ ಮಾತ್ರೆ. ಇನ್ನೊಂದು ಗುಂಪಿಗೆ ಮೊದಲು ಮಾತ್ರೆ. ಅದು ಸಾಲದಿದ್ದರೆ ಮಾತ್ರ ಮುಂದಿನದು. 2019ರ ನವೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಫಲಿತಾಂಶ ಬಿಚ್ಚಿಟ್ಟರು. ಮೂರು ವರ್ಷಕ್ಕೂ ಹೆಚ್ಚು ಕಾಲ ನೋಡಿದ ಮೇಲೆ, ಒಂದು ಗುಂಪಿನಲ್ಲಿ ಸತ್ತವರು 145. ಇನ್ನೊಂದರಲ್ಲಿ 144.

ಇನ್ನೊಮ್ಮೆ ಓದಿ. 145 ಮತ್ತು 144.

ಆ ರೋಗಿಗಳನ್ನ ಅಲ್ಲಿಗೇ ಬಿಡದೆ ಮುಂದೆಯೂ ಗಮನಿಸಿದ್ರು. 2022ರಲ್ಲಿ ಬಂದ ವರದಿಯ ಪ್ರಕಾರ, 7 ವರ್ಷಕ್ಕೆ ಒಟ್ಟು ಸಾವು ಒಂದು ಕಡೆ 12.7 ಪರ್ಸೆಂಟ್, ಇನ್ನೊಂದು ಕಡೆ 13.4 ಪರ್ಸೆಂಟ್. ಲೆಕ್ಕಶಾಸ್ತ್ರದ ಪ್ರಕಾರ ಇದು ವ್ಯತ್ಯಾಸವೇ ಅಲ್ಲ. ಆದ್ರೆ ಒಳಗೆ ಒಂದು ಕುತೂಹಲ ಇದೆ, ಅದನ್ನ ಮುಚ್ಚಿಟ್ಟರೆ ನಾನು ಅರ್ಧ ಸತ್ಯ ಹೇಳಿದ ಹಾಗಾಗುತ್ತೆ. ಸ್ಟೆಂಟ್, ಬೈಪಾಸ್ ಮೊದಲೇ ಮಾಡಿದ ಗುಂಪಿನಲ್ಲಿ ಹೃದಯ ಸಂಬಂಧಿ ಸಾವು ಕಡಿಮೆ ಇತ್ತು, 8.6ರ ಬದಲು 6.4 ಪರ್ಸೆಂಟ್. ಆದ್ರೆ ಬೇರೆ ಕಾರಣದ ಸಾವು ಆ ಗುಂಪಿನಲ್ಲೇ ಹೆಚ್ಚು, 4.4ರ ಬದಲು 5.6. ಕೂಡಿ ಕಳೆದರೆ ಒಂದೇ.

ಈಗ ನಿಮ್ಮ ತಲೆಯಲ್ಲಿ ಒಂದು ಪ್ರಶ್ನೆ ಬಂದಿರಬೇಕು. ನನಗೂ ಬಂದಿತ್ತು. ಹರಿವು ಕಡಿಮೆ ಇರೋದು ಅಪಾಯವೇ ಅಲ್ವಾ ಹಾಗಾದ್ರೆ?

ಅಪಾಯವೇ! ಬಾಸ್ಟನ್‌ನ ಬ್ರಿಗಂ ಆಸ್ಪತ್ರೆಯಲ್ಲಿ 2783 ಜನರ ಹರಿವಿನ ಮೀಸಲನ್ನ ಪೆಟ್ ಸ್ಕ್ಯಾನ್‌ನಲ್ಲಿ ಅಳೆದು, 2011ರಲ್ಲಿ ಫಲಿತಾಂಶ ಪ್ರಕಟಿಸಿದ್ರು. ಮೀಸಲು ತೀರಾ ಕಡಿಮೆ ಇದ್ದ ಗುಂಪಿಗೆ, ಚೆನ್ನಾಗಿದ್ದ ಗುಂಪಿಗಿಂತ ಹೃದಯ ಸಂಬಂಧಿ ಸಾವಿನ ಅಪಾಯ 5 ಪಟ್ಟಿಗೂ ಹೆಚ್ಚು. ಅದೇ ತಂಡ ಮರುವರ್ಷ ಸಕ್ಕರೆ ಕಾಯಿಲೆಯವರನ್ನ ನೋಡ್ತು. ಬ್ಲಾಕ್ ಇದೆ ಅಂತ ಗೊತ್ತಿಲ್ಲದ, ಆದ್ರೆ ಹರಿವಿನ ಮೀಸಲು ಕುಸಿದ ಮಧುಮೇಹಿಗಳ ಅಪಾಯ, ಹೃದ್ರೋಗ ಇದೆ ಅಂತ ಗೊತ್ತಿರುವವರಷ್ಟೇ ಇತ್ತು.

ಹರಿವು ಕುಗ್ಗಿದವರು ಬೇಗ ಸಾಯ್ತಾರೆ. ಬ್ಲಾಕ್ ತೆರೆದರೆ ಸಾವು ಕಡಿಮೆ ಆಗಲ್ಲ. ಎರಡೂ ನಿಜ ಆಗೋದು ಹೇಗೆ?

ಮತ್ತೆ ನಾಲೆಗೇ ಹೋಗೋಣ. ಮದ್ದೂರು, ಮಳವಳ್ಳಿ ಕಡೆ ಕೊನೇ ಭಾಗದ ರೈತರ ಗೋಳು ಏನು? ಡ್ಯಾಂ ತುಂಬಿದೆ, ಮುಖ್ಯ ನಾಲೆಯಲ್ಲಿ ನೀರು ಹರೀತಿದೆ, ನಮ್ಮ ಗದ್ದೆಗೆ ಬರ್ತಿಲ್ಲ. ಯಾಕೆ? ಉದ್ದಕ್ಕೂ ಹೂಳು, ಒಡೆದ ಕಾಲುವೆ, ಕೆಟ್ಟ ತೂಬು. ಮುಖ್ಯ ನಾಲೆಯ ಒಂದು ಜಾಗದಲ್ಲಿ ಜೆಸಿಬಿ ತಂದು ಕ್ಲೀನ್ ಮಾಡಿದ್ರೆ ಕೊನೇ ಗದ್ದೆಗೆ ನೀರು ಬರುತ್ತಾ? ಬರಲ್ಲ.

ಹರಿವಿನ ಮೀಸಲು ಅನ್ನೋ ಸಂಖ್ಯೆ ಇಡೀ ನಾಲೆ ಜಾಲದ ವರದಿ. ದೊಡ್ಡ ನಾಳದ ಬ್ಲಾಕ್, ಉದ್ದಕ್ಕೂ ಮೆತ್ತಿಕೊಂಡ ಕೊಬ್ಬು, ಕಣ್ಣಿಗೆ ಕಾಣದ ಸಣ್ಣ ನಾಳಗಳ ಕಾಯಿಲೆ, ಎಲ್ಲವೂ ಅದರಲ್ಲಿ ಸೇರಿದೆ. ಸ್ಟೆಂಟ್ ರಿಪೇರಿ ಮಾಡೋದು ಒಂದೆರಡು ಸೆಂಟಿಮೀಟರ್ ಜಾಗವನ್ನ ಅಥವಾ ಸ್ವಲ್ಪ ಹೆಚ್ಚು. ಇಸ್ಕೀಮಿಯಾ ಅಧ್ಯಯನವನ್ನ ಇನ್ನಷ್ಟು ಬಗೆದು ನೋಡಿದಾಗಲೂ ಇದೇ ಸಿಕ್ಕಿತು. ಸಾವಿನ ಜೊತೆ ತಾಳೆ ಆಗಿದ್ದು, ಟ್ರೆಡ್‌ಮಿಲ್, ಸ್ಕ್ಯಾನ್‌ನಂಥ ಪರೀಕ್ಷೆಯಲ್ಲಿ ಕಂಡ ಕೊರತೆಯ ತೀವ್ರತೆ ಅಲ್ಲ, ನಾಳಗಳಲ್ಲಿ ಒಟ್ಟು ಎಷ್ಟು ಕಾಯಿಲೆ ಹಬ್ಬಿದೆ ಅನ್ನೋದು.

ಇನ್ನೊಂದು ಮಾತು. ಹೃದಯಾಘಾತ ಆಗೋದು ಬ್ಲಾಕ್ ನಿಧಾನಕ್ಕೆ 80, 90, 100 ಅಂತ ಏರಿ ಅಲ್ಲ, ಬಹಳಷ್ಟು ಸಲ. ನಾಳದ ಗೋಡೆಯಲ್ಲಿರುವ ಕೊಬ್ಬಿನ ಗುಳ್ಳೆ ಇದ್ದಕ್ಕಿದ್ದ ಹಾಗೆ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತೆ. ಹಾಗೆ ಒಡೆಯುವ ಗುಳ್ಳೆ ಎಷ್ಟೋ ಸಲ ನಿನ್ನೆಯ ಆಂಜಿಯೋಗ್ರಾಂನಲ್ಲಿ 40 ಪರ್ಸೆಂಟ್ ಕೂಡ ಇರಲ್ಲ. 80 ಪರ್ಸೆಂಟ್ ಜಾಗಕ್ಕೆ ಸ್ಟೆಂಟ್ ಹಾಕಿದ್ರೂ ಆ ಗುಳ್ಳೆ ಅಲ್ಲೇ ಇರುತ್ತೆ. ಅದನ್ನ ಗಟ್ಟಿ ಮಾಡೋದು ಯಾವುದು? ಕೊಬ್ಬು ಇಳಿಸುವ ಸ್ಟ್ಯಾಟಿನ್ ಮಾತ್ರೆ. ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳೋದು ಆಸ್ಪಿರಿನ್ ತರದ ಮಾತ್ರೆ. ಜೊತೆಗೆ ಬಿಪಿ, ಶುಗರ್ ಹತೋಟಿ, ಬೀಡಿ ಸಿಗರೇಟ್ ಬಿಡೋದು, ದಿನಾ ನಡೆಯೋದು. ಇವು ಇಡೀ ನಾಲೆಗೆ ಕೊಡುವ ಚಿಕಿತ್ಸೆ.

ಹಾಗಾದ್ರೆ ಸ್ಟೆಂಟ್ ದಂಡನಾ? ಹಾಗೆ ಹೇಳಿದ್ರೆ ಅದೂ ಸುಳ್ಳು. ಲಂಡನ್‌ನ ಡಾಕ್ಟರುಗಳು ಒಂದು ಧೈರ್ಯದ ಕೆಲಸ ಮಾಡಿದ್ರು. ಆರ್ಬಿಟಾ ಅಂತ ಅಧ್ಯಯನ, 200 ರೋಗಿಗಳು. ಎಲ್ಲರನ್ನೂ ಆಂಜಿಯೋಪ್ಲಾಸ್ಟಿ ಟೇಬಲ್ ಮೇಲೆ ಮಲಗಿಸಿ, ಮಂಪರು ಕೊಟ್ಟು, ಕಿವಿಗೆ ಹೆಡ್‌ಫೋನ್ ಹಾಕಿ, ಅರ್ಧ ಜನಕ್ಕೆ ಮಾತ್ರ ನಿಜವಾಗಿ ಸ್ಟೆಂಟ್ ಹಾಕಿದ್ರು. ಯಾರಿಗೆ ಹಾಕಿದ್ದಾರೆ ಅಂತ ರೋಗಿಗೆ ಗೊತ್ತಿಲ್ಲ. ಚೆನ್ನಾಗಿ ಮಾತ್ರೆ ತಗೊಳ್ತಿದ್ದ ಇವರಲ್ಲಿ, 6 ವಾರದ ನಂತರ ಟ್ರೆಡ್‌ಮಿಲ್ ಮೇಲೆ ಎರಡೂ ಗುಂಪಿನ ವ್ಯತ್ಯಾಸ 16.6 ಸೆಕೆಂಡ್. ಗಣನೆಗೆ ಬರುವಷ್ಟೇ ಇರಲಿಲ್ಲ. ಆದ್ರೆ 2023ರಲ್ಲಿ ಅದೇ ತಂಡ ಎದೆನೋವಿನ ಮಾತ್ರೆ ನಿಲ್ಲಿಸಿದ 301 ಜನರಲ್ಲಿ ಹೀಗೇ ಪರೀಕ್ಷೆ ಮಾಡಿದಾಗ, ಸ್ಟೆಂಟ್ ಹಾಕಿಸಿಕೊಂಡವರಿಗೆ ಎದೆನೋವು ನಿಜವಾಗಿಯೂ ಕಡಿಮೆ ಆಗಿತ್ತು. ಇಸ್ಕೀಮಿಯಾದಲ್ಲೂ ಅಷ್ಟೇ, ಪದೇ ಪದೇ ನೋವು ಬರ್ತಿದ್ದವರ ದಿನನಿತ್ಯದ ಬದುಕು ಸುಧಾರಿಸಿತು. ನೋವೇ ಇಲ್ಲದವರಿಗೆ ಅಂಥ ಲಾಭ ಆಗಲಿಲ್ಲ.

ಅಂದ್ರೆ ಸ್ಥಿರ ರೋಗಿಗೆ ಸ್ಟೆಂಟ್ ಮುಖ್ಯವಾಗಿ ನೋವಿಗೆ ಪರಿಹಾರ. ಆಯುಷ್ಯದ ಗ್ಯಾರಂಟಿ ಕಾರ್ಡ್ ಅಲ್ಲ.

ಇದಕ್ಕೆ ಅಪವಾದ ಇದೆ, ದಯವಿಟ್ಟು ಗಮನಿಸಿ. ಎಡಭಾಗದ ಮೂಲ ನಾಳದಲ್ಲೇ, ಅಂದ್ರೆ ಎಲ್‌ಎಂಸಿಎ ಅಂತ ರಿಪೋರ್ಟ್‌ನಲ್ಲಿ ಬರೆಯುವ ಜಾಗದಲ್ಲಿ, ದೊಡ್ಡ ಬ್ಲಾಕ್ ಇರುವವರು, ಹೃದಯದ ಪಂಪಿಂಗ್ ತೀರಾ ಕುಸಿದವರು, ಇತ್ತೀಚೆಗಷ್ಟೇ ಹೃದಯಾಘಾತ ಆದವರು, ಮಾತ್ರೆಗೂ ಬಗ್ಗದ ನೋವಿರುವವರು. ಇವರನ್ನ ಇಸ್ಕೀಮಿಯಾ ಅಧ್ಯಯನಕ್ಕೆ ಸೇರಿಸಿಕೊಂಡೇ ಇರಲಿಲ್ಲ. ಅವರ ಲೆಕ್ಕವೇ ಬೇರೆ. 'ಟಿವಿಯವರು ಹೇಳಿದ್ರು' ಅಂತ ಅವರು ಮನೇಲಿ ಕೂರಬಾರದು.

ದುಡ್ಡಿನ ಮಾತೂ ಆಡಿಬಿಡೋಣ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟ್‌ಗೆ ಬೆಲೆ ಮಿತಿ ಹಾಕಿತು. ಔಷಧಿ ಲೇಪಿತ ಸ್ಟೆಂಟ್‌ಗೆ 29,600 ರೂಪಾಯಿ. ಅದಕ್ಕೂ ಮೊದಲು ರೋಗಿಗೆ ಲಕ್ಷಕ್ಕೂ ಹೆಚ್ಚು ಬಿಲ್ ಆಗ್ತಿದ್ದದ್ದುಂಟು. ಒಳ್ಳೆಯ ಕೆಲಸ. ಆದ್ರೆ ಬೆಲೆ ಇಳಿದ ಮಾತ್ರಕ್ಕೆ, ಬೇಕೋ ಬೇಡವೋ ಅನ್ನೋ ಪ್ರಶ್ನೆಗೆ ಉತ್ತರ ಸಿಕ್ಕ ಹಾಗಾಗಲ್ಲ. ಸ್ಟೆಂಟ್ ಬೆಲೆ ಬಿಲ್ಲಿನ ಒಂದು ಸಾಲು ಮಾತ್ರ. ಉಳಿದ ಸಾಲುಗಳಿಗೆ ಬಳೆ ಗಿರವಿ ಹೋಗುತ್ತೆ.

ಹಾಗಾಗಿ ಸ್ಥಿರವಾಗಿರುವ ರೋಗಿಯ ಮನೆಯವರು ಡಾಕ್ಟರ್ ಮುಂದೆ ಕೂತಾಗ ಈ ಪ್ರಶ್ನೆ ಕೇಳಿ. ಗೌರವದಿಂದ ಕೇಳಿ, ಆದ್ರೆ ಕೇಳಿ. ಡಾಕ್ಟ್ರೇ, ಇದು ಎಮರ್ಜೆನ್ಸಿನಾ? ಇವತ್ತೇ ಯಾಕೆ? ಬ್ಲಾಕ್ ಯಾವ ನಾಳದಲ್ಲಿ, ಎಡ ಮೂಲ ನಾಳ ಸರಿ ಇದೆಯಾ? ಪಂಪಿಂಗ್ ಎಷ್ಟು? ಹರಿವಿಗೆ ಅಡ್ಡಿ ಇದೆ ಅಂತ ಅಳೆದು ನೋಡಿದ್ದೀರಾ? ಸ್ಟೆಂಟ್ ಹಾಕೋದು ನೋವಿಗಾ, ಆಯುಷ್ಯಕ್ಕಾ? ಮೊದಲು ಮಾತ್ರೆ ಕೊಟ್ಟು ನೋಡಬಹುದಾ? ಒಳ್ಳೆ ಡಾಕ್ಟರ್ ಇದಕ್ಕೆ ಬೇಜಾರು ಮಾಡಿಕೊಳ್ಳಲ್ಲ.

ಆದ್ರೆ ಸ್ಥಿರವಾಗಿದ್ದ ನೋವು ಬದಲಾದ್ರೆ ಪ್ರಶ್ನೆ ಕೇಳ್ತಾ ಕೂರಬೇಡಿ. ಸುಮ್ಮನೆ ಕೂತಾಗಲೂ ನೋವು, ದಿನೇ ದಿನೇ ಹೆಚ್ಚಾಗುವ ನೋವು, ಹದಿನೈದು ಇಪ್ಪತ್ತು ನಿಮಿಷ ಕಳೆದರೂ ಹೋಗದ ನೋವು, ಜೊತೆಗೆ ಬೆವರು, ಏದುಸಿರು, ಎಡಗೈಗೋ ದವಡೆಗೋ ಹರಡಿದರೆ 108ಕ್ಕೆ ಫೋನ್ ಮಾಡಿ.

ಇನ್ನು ದೊಡ್ಡಪ್ಪ? ಆ ರಾತ್ರಿ ನಾನು ಹೇಳಿದ್ದು ಒಂದೇ ಮಾತು. "ಸೈನ್ ಮಾಡೋಕೆ ಮುಂಚೆ ಇನ್ನೊಬ್ರಿಗೆ ತೋರಿಸೋಣ." ಸಿಡಿ ತಗೊಂಡು ಬೇರೆ ಹೃದ್ರೋಗ ತಜ್ಞರ ಹತ್ರ ಹೋದ್ವಿ. ಅವರು ಹತ್ತು ನಿಮಿಷ ನೋಡಿದ್ರು. ಎಡ ಮೂಲ ನಾಳ ಚೆನ್ನಾಗಿದೆ, ಪಂಪಿಂಗ್ ಚೆನ್ನಾಗಿದೆ, ಮೊದಲು ಮಾತ್ರೆ ಶುರು ಮಾಡೋಣ ಅಂದ್ರು. ಕೆಟ್ಟ ಕೊಲೆಸ್ಟ್ರಾಲ್ 148 ಇತ್ತು. ಅದನ್ನ 70ಕ್ಕಿಂತ ಕೆಳಗೆ, ಸಾಧ್ಯವಾದ್ರೆ 55ಕ್ಕಿಂತ ಕೆಳಗೆ ತರಬೇಕು ಅಂದ್ರು. ಮೂವತ್ತು ವರ್ಷದ ಬೀಡಿ ಅವತ್ತೇ ಬಿಡಿಸಿದ್ರು. ದೊಡ್ಡಮ್ಮ ಬಳೆ ಮತ್ತೆ ಹಾಕ್ಕೊಂಡ್ರು.

ಕಥೆ ಇಲ್ಲಿಗೇ ಮುಗಿದಿದ್ರೆ ಟಿವಿಗೆ ಚೆನ್ನಾಗಿರ್ತಿತ್ತು. ಮುಗಿಯಲಿಲ್ಲ. ಎಂಟು ತಿಂಗಳಾದ್ರೂ ಏರಿ ಹತ್ತುವಾಗ ನೋವು ಪೂರ್ತಿ ಹೋಗಲಿಲ್ಲ. ಗದ್ದೆ ಕೆಲಸಕ್ಕೆ ತೊಂದರೆ ಆಗ್ತಿತ್ತು. ಆಗ ಅದೇ ಡಾಕ್ಟರ್ ತಂತಿ ಹಾಕಿ ಅಳೆದು, ಹರಿವಿಗೆ ಅಡ್ಡಿ ಇದೆ ಅಂತ ಖಾತ್ರಿ ಮಾಡಿಕೊಂಡು ಒಂದು ಸ್ಟೆಂಟ್ ಹಾಕಿದ್ರು. ಇಸ್ಕೀಮಿಯಾದಲ್ಲೂ ಮೊದಲು ಮಾತ್ರೆ ಅಂದ ಗುಂಪಿನಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಆಮೇಲೆ ಸ್ಟೆಂಟ್ ಅಥವಾ ಬೈಪಾಸ್ ಆಯ್ತು. ವ್ಯತ್ಯಾಸ ಇಷ್ಟೇ. ರಾತ್ರೋರಾತ್ರಿ ಹೆದರಿ ಹಾಕಿಸಿಕೊಳ್ಳಲಿಲ್ಲ. ಯಾಕೆ ಅಂತ ತಿಳಿದು, ದುಡ್ಡು ಹೊಂದಿಸಿಕೊಂಡು ಹಾಕಿಸಿಕೊಂಡ್ರು.

ಸ್ಟೆಂಟ್ ಹಾಕಿದ ಎರಡನೇ ತಿಂಗಳು ಮತ್ತೆ ಫೋನ್. "ಮಗಾ, ಈಗ ಬ್ಲಾಕ್ ಹೋಯ್ತಲ್ಲ. ಈ ಮಾತ್ರೆ ಎಲ್ಲ ನಿಲ್ಲಿಸ್ಬೋದಾ?"

ನಾನು ಕೇಳಿದೆ. "ದೊಡ್ಡಪ್ಪ, ನಾಲೆಯ ಒಂದು ಕಡೆ ಹೂಳು ತೆಗೆದ್ರೆ ಮುಂದಿನ ವರ್ಷ ನಾಲೆ ಕಡೆ ತಲೆ ಹಾಕದೆ ಇರ್ತೀರಾ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಆಯ್ತು ಕಣ್ಲಾ, ನುಂಗ್ತೀನಿ" ಅಂದ್ರು.

ಈಗಲೂ ನುಂಗ್ತಿದ್ದಾರೆ. ನಿಮ್ಮ ಮನೆಯಲ್ಲೂ ಸ್ಟೆಂಟ್ ಹಾಕಿಸಿಕೊಂಡ ಹಿರಿಯರು ಇದ್ರೆ, ಇವತ್ತು ರಾತ್ರಿ ಊಟ ಆದ ಮೇಲೆ ಒಂದು ಮಾತು ಕೇಳಿ. ಮಾತ್ರೆ ತಗೊಂಡ್ರಾ ಅಂತ.